ಟರ್ಬೊ ಹೋಗಿದೆ ಅಂದ್ರೆ, ತೋರಿಸಿ ಅನ್ನಿ

ಹೋದ ತಿಂಗಳು ಶಿರಾಡಿ ಘಾಟಿ ಹತ್ತುವಾಗ ನನ್ನ ಹಳೇ ಡೀಸೆಲ್ ಕಾರು ಇದ್ದಕ್ಕಿದ್ದಂತೆ ಎಳೆಯೋದನ್ನೇ ಬಿಟ್ಟಿತು. ಹಿಂದೆ ಕಪ್ಪು ಹೊಗೆ, ಅದರ ಹಿಂದೆ ಲಾರಿಯವರ ಹಾರ್ನು. ಹೇಗೋ ಬೆಂಗಳೂರು ಸೇರಿಕೊಂಡು ಮಾರನೇ ದಿನ ವರ್ಕ್‌ಶಾಪಿಗೆ ಬಿಟ್ಟೆ. ಸಂಜೆ ಫೋನು: "ಸಾರ್, ಟರ್ಬೊ ಹೋಗಿದೆ. ಪೈಪಲ್ಲಿ ಆಯಿಲ್ ಇದೆ, ಶಾಫ್ಟ್ ಅಲ್ಲಾಡ್ತಿದೆ. 48,000 ಆಗತ್ತೆ."

ಅಲ್ಲಾಡ್ತಿದೆ, ಸರಿ. ಆದರೆ ಯಾವ ಕಡೆಗೆ? ನನ್ನ ತಕರಾರು ಇರೋದೇ ಇಲ್ಲಿ.

ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ಸಾಮಾನ್ಯ ಟರ್ಬೊಗಳಲ್ಲಿ ಅದಕ್ಕೆ ಬಾಲ್ ಬೇರಿಂಗ್ ಇರಲ್ಲ. ತೆಳುವಾದ ಆಯಿಲ್ ಪದರದ ಮೇಲೆ ತೇಲುವ ಬುಷ್‌ಗಳು ಇರುತ್ತವೆ. ಆ ಆಯಿಲ್‌ಗೆ ಜಾಗ ಬೇಕಲ್ಲ? ಹಾಗಾಗಿ ಇಂಜಿನ್ ಆಫ್ ಆಗಿದ್ದಾಗ ಶಾಫ್ಟ್ ಮೇಲೆ-ಕೆಳಗೆ, ಅಕ್ಕಪಕ್ಕ ಸ್ವಲ್ಪ ಅಲ್ಲಾಡೋದು ಸಹಜ. ಹೊಸ ಟರ್ಬೊ ಕೂಡ ಅಲ್ಲಾಡುತ್ತೆ! ಅದನ್ನೇ ತೋರಿಸಿ ಬಿಲ್ ಬರೆದರೆ ಹೇಗೆ?

ನಮ್ಮ ಬೀದಿಯ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಕಾರು ಒಯ್ದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಚಕ್ರವನ್ನು ಬೆರಳಲ್ಲಿ ತಿರುಗಿಸಿದರು. ಎಲ್ಲೂ ಹಿಡಿಯಲಿಲ್ಲ. ಪಕ್ಕಕ್ಕೆ ಒತ್ತಿಕೊಂಡೇ ತಿರುಗಿಸಿದರು. ರೆಕ್ಕೆ ಗೋಡೆಗೆ ತಾಗಲಿಲ್ಲ, ಒಳಗೋಡೆ ಮೇಲೆ ಗೀರೂ ಇರಲಿಲ್ಲ. ಕೊನೆಗೆ ಶಾಫ್ಟನ್ನು ಉದ್ದಕ್ಕೆ ಹಿಂದೆ-ಮುಂದೆ ಎಳೆದು ತಳ್ಳಿದರು. "ಇದು ನೋಡಿ ಮುಖ್ಯ. ಈ ಕಡೆ ಟಕ್ ಅಂತ ಕೈಗೆ ಸಿಕ್ಕಿದ್ರೆ ಥ್ರಸ್ಟ್ ಬೇರಿಂಗ್ ಹೋಗಿದೆ ಅಂತ." ಸಿಗಲಿಲ್ಲ. ಸಂಶಯ ಇದ್ದರೆ ಡಯಲ್ ಗೇಜ್ ಇಟ್ಟು ಅಳೆದು, ಆ ಟರ್ಬೊದ ಮಿತಿಗೆ ಹೋಲಿಸಬಹುದು.

ಪೈಪಲ್ಲಿದ್ದ ಆಯಿಲ್? ಕ್ರ್ಯಾಂಕ್‌ಕೇಸಿನ ಆವಿ ಅದೇ ದಾರಿಯಲ್ಲಿ ಬರೋದರಿಂದ ಸ್ವಲ್ಪ ಜಿಡ್ಡು ಇದ್ದೇ ಇರುತ್ತಂತೆ. ನಿಜವಾದ ಕಳ್ಳ ಇಂಟರ್‌ಕೂಲರ್ ಹೋಸ್. ಕ್ಲಾಂಪಿನ ಕೆಳಗೆ ಸೀಳಿತ್ತು, ಒತ್ತಡದ ಗಾಳಿಯೆಲ್ಲ ಅಲ್ಲೇ ಸೋರಿಹೋಗುತ್ತಿತ್ತು. ಹೋಸ್ ಬದಲಾಯಿಸಿದ ಮೇಲೆ ಕಾರು ಮೊದಲಿನ ಹಾಗೆ ಎಳೀತಿದೆ.

ಟರ್ಬೊ ಹಾಳಾಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ರೆಕ್ಕೆ ತಾಗ್ತಿದ್ರೆ, ಉದ್ದಕ್ಕೆ ಆಟ ಇದ್ರೆ ಗಾಡಿ ಓಡಿಸಲೇಬೇಡಿ. ಮುರಿದ ಚೂರು ಇಂಜಿನ್ ಒಳಗೆ ಹೋದರೆ ಖರ್ಚು ಎಲ್ಲಿಗೋ ಮುಟ್ಟುತ್ತೆ. ಆಗಲೂ "ಯಾಕೆ ಹೋಯ್ತು?" ಅಂತ ಕೇಳಿ. ಬಹಳ ಸಲ ಕಾರಣ ಕೊಳಕು ಆಯಿಲ್ಲು ಅಥವಾ ಕಟ್ಟಿಕೊಂಡ ಆಯಿಲ್ ಪೈಪು. ಅದನ್ನು ಸರಿಮಾಡದೆ ಕೂರಿಸಿದ ಹೊಸ ಟರ್ಬೊಗೂ ಅದೇ ಗತಿ.

ಐದು ನಿಮಿಷದ ಬೆರಳಿನ ಪರೀಕ್ಷೆ ಇದು. ಹಲ್ಲು ಕೀಳುವ ಮುಂಚೆ ಡಾಕ್ಟರು ಯಾವ ಹಲ್ಲು ಅಂತ ತೋರಿಸಲ್ವಾ? ದುಡ್ಡು ಕೊಡೋರು ನಾವು. "ನನ್ನ ಮುಂದೆ ಎಳೆದು ತೋರಿಸಿ" ಅನ್ನೋಕೆ ಸಂಕೋಚ ಯಾಕೆ?

ನಿಮಗೂ ಹೀಗೆ ಆಗಿದೆಯಾ? ಹೇಳಿ.