ನೆನಪು ಹೋದರೆ ಮನುಷ್ಯನೇ ಹೋದಂತೆಯೇ? ‘ಅರಳುಮರಳು’ ಮಾತಿನ ಹಿಂದಿನ ಸತ್ಯವೇನು?

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮಗೆಲ್ಲ ಗೊತ್ತು. ದಾವಣಗೆರೆಯ ಎಸ್.ಎಸ್. ಬಡಾವಣೆಯ ಪಾರ್ಕಿನಲ್ಲಾಗಲಿ, ಹರಿಹರದ ಮದುವೆ ಮನೆಯಲ್ಲಾಗಲಿ, ಮರೆವಿನ ಕಾಯಿಲೆ ಇರುವ ಹಿರಿಯರ ವಿಷಯ ಬಂದರೆ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ: ‘ಅಜ್ಜ ಈಗ ಮೊದಲಿನ ಅಜ್ಜ ಅಲ್ಲ ಬಿಡ್ರಿ, ಅವರಿಗೆ ಏನ್ ಹೇಳಿದ್ರೂ ಗೊತ್ತಾಗಲ್ಲ.’ ಮನುಷ್ಯನೆಂದರೆ ಅವನ ನೆನಪುಗಳು, ಅವು ಹೋದರೆ ಉಳಿಯುವುದು ಬರೀ ದೇಹ ಎಂಬ ಅರ್ಥದ ಸಂದೇಶಗಳು ವಾಟ್ಸಾಪ್‌ನಲ್ಲೂ ಓಡಾಡುತ್ತವೆ. ಇದು ಎಷ್ಟು ನಿಜ? ನೋಡೋಣ.

ಮರೆವಿನ ಕಾಯಿಲೆ ವಯಸ್ಸಿನ ಸಹಜ ಭಾಗವೇ?

ಅಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ. ಅಂದರೆ 100ರಲ್ಲಿ 90ಕ್ಕೂ ಹೆಚ್ಚು ಹಿರಿಯರಿಗೆ ಇಲ್ಲ. ಬೇಂದ್ರೆಯವರಂತೂ ಅರವತ್ತು ದಾಟಿದ ಮೇಲೆ ‘ಅರಳು ಮರಳು’ ಎಂಬ ಹೆಸರಿನ ಕೃತಿಗೇ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು!

‘ನೆನಪೇ ಮನುಷ್ಯ’ ಎಂದವರು ಯಾರು?

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ಇಂಥ ವಾದ ಮಂಡಿಸಿದ. ಹಿಂದೆ ಮಾಡಿದ್ದು ನನ್ನ ಪ್ರಜ್ಞೆಗೆ ಎಲ್ಲಿಯವರೆಗೆ ನಿಲುಕುತ್ತದೋ ಅಲ್ಲಿಯವರೆಗೆ ನಾನು ಅದೇ ವ್ಯಕ್ತಿ ಎಂಬುದು ಅದರ ತಿರುಳು.

1785ರಲ್ಲಿ ಥಾಮಸ್ ರೀಡ್ ಇದರ ತೊಡಕು ತೋರಿಸಿದ. ತೋಟದಲ್ಲಿ ಕದ್ದು ಏಟು ತಿಂದ ಹುಡುಗ ಮುಂದೆ ವೀರ ಯೋಧನಾದ, ಮುಪ್ಪಿನಲ್ಲಿ ಸೇನಾಪತಿಯಾದ. ಯೋಧನಿಗೆ ಏಟು ನೆನಪಿದೆ. ಸೇನಾಪತಿಗೆ ಯುದ್ಧ ನೆನಪಿದೆ, ಏಟು ಮರೆತಿದೆ. ಲಾಕ್ ಲೆಕ್ಕದಲ್ಲಿ ಹುಡುಗನೂ ಯೋಧನೂ ಒಬ್ಬರೇ, ಯೋಧನೂ ಸೇನಾಪತಿಯೂ ಒಬ್ಬರೇ, ಆದರೆ ಹುಡುಗನೂ ಸೇನಾಪತಿಯೂ ಬೇರೆ ಬೇರೆ! ಲೆಕ್ಕ ಕೂಡುವುದಿಲ್ಲ.

ನಮ್ಮ ದಾರ್ಶನಿಕರು ಏನಂದರು?

ಕಣ್ಣಿಂದ ಕಂಡ ಹಣ್ಣನ್ನೇ ಈಗ ಕೈಯಿಂದ ಮುಟ್ಟುತ್ತಿದ್ದೇನೆ ಎನ್ನಲು, ಕಂಡವನೂ ಮುಟ್ಟಿದವನೂ ಒಬ್ಬನೇ ಆಗಿರಬೇಕು ಎಂದರು ನೈಯಾಯಿಕರು. ಶಂಕರಾಚಾರ್ಯರೂ ಬೌದ್ಧರ ವಿರುದ್ಧ ನೆನಪನ್ನೇ ಪುರಾವೆಯಾಗಿ ಇಟ್ಟರು. ಆದರೆ ಇಲ್ಲಿ ನೆನಪು ‘ನಾನು’ ಇದ್ದೇನೆ ಎಂಬುದಕ್ಕೆ ಸಾಕ್ಷಿ ಮಾತ್ರ, ಅದೇ ‘ನಾನು’ ಅಲ್ಲ. ಸಾಕ್ಷಿ ಮರೆಯಾದರೆ ವ್ಯಕ್ತಿ ಇಲ್ಲವಾಗುವುದಿಲ್ಲ. ಬದಲಾಗದ ‘ನಾನು’ ಎಂಬುದೇ ಇಲ್ಲ, ಇರುವುದು ಹರಿಯುವ ಪ್ರವಾಹ ಎಂದರು ಬೌದ್ಧರು. ಆ ಲೆಕ್ಕದಲ್ಲೂ ಮೊದಲಿನ ಅಜ್ಜ ಇಂಥ ದಿನ ಮುಗಿದರು ಎಂದು ಗೆರೆ ಎಳೆಯಲಾಗದು.

ವಿಜ್ಞಾನ ಏನು ಹೇಳುತ್ತದೆ?

ಅಮೆರಿಕದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆರೋಗಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸದಲ್ಲಿ ಅವರ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದೆ ಮಾಡಿದ್ದು ಮಾತ್ರ ನೆನಪಿರುತ್ತಿರಲಿಲ್ಲ. ನೆನಪು ಒಂದೇ ಪೆಟ್ಟಿಗೆಯಲ್ಲಿಲ್ಲ, ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ ಎಂಬುದು ಇದರಿಂದ ತಿಳಿಯಿತು.

2015ರಲ್ಲಿ ನೀನಾ ಸ್ಟ್ರೋಮಿಂಜರ್ ಮತ್ತು ಶಾನ್ ನಿಕೋಲ್ಸ್ ಎಂಬ ಸಂಶೋಧಕರು ನರರೋಗಿಗಳ 248 ಮಂದಿ ಕುಟುಂಬದವರನ್ನು ವಿಚಾರಿಸಿದರು. ‘ಇವರು ಮೊದಲಿನವರಲ್ಲ’ ಎಂದು ಮನೆಯವರಿಗೆ ಅನಿಸುವಂತೆ ಮಾಡಿದ್ದು ಹೆಚ್ಚಾಗಿ ಮರೆವಲ್ಲ, ಕರುಣೆ, ಪ್ರಾಮಾಣಿಕತೆಯಂಥ ಗುಣಗಳಲ್ಲಿನ ಬದಲಾವಣೆ. ಕೆಲವು ಬಗೆಯ ಡಿಮೆನ್ಷಿಯಾದಲ್ಲಿ ಸ್ವಭಾವವೂ ಬದಲಾಗುತ್ತದೆ ನಿಜ. ಅದು ಕಾಯಿಲೆಯ ಕೆಲಸ, ಹಟವಲ್ಲ.

‘ಏನ್ ಹೇಳಿದ್ರೂ ಗೊತ್ತಾಗಲ್ಲ’ ಎಂಬ ಮಾತಿಗೆ 2014ರ ಅಧ್ಯಯನವೊಂದರಲ್ಲಿ ನೇರ ಉತ್ತರವಿದೆ. ಆಲ್ಝೈಮರ್ ಇರುವವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಲಾಯಿತು. ಸ್ವಲ್ಪ ಹೊತ್ತಿಗೆ ನೋಡಿದ್ದು ಮರೆತುಹೋಯಿತು. ದುಃಖ, ಸಂತೋಷ ಮಾತ್ರ ಉಳಿದವು. ಗದರಿದ್ದು ಅಜ್ಜಿಗೆ ಮರೆತರೂ ಆ ನೋವು ಉಳಿಯಬಹುದು. ಪ್ರೀತಿಯಿಂದ ಕೈ ಹಿಡಿದದ್ದರ ಹಿತವೂ ಅಷ್ಟೇ.

ಹಾಗಾದರೆ ನಾವೇನು ಮಾಡಬೇಕು?

• ಮರೆವು ಹೆಚ್ಚಾದರೆ ವಯಸ್ಸಾಯಿತೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಔಷಧಿಗಳಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು.
• ‘ನಾನ್ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ. ‘ಅಜ್ಜಿ, ನಾನು ನಿಮ್ಮ ಮೊಮ್ಮಗ’ ಎಂದು ನೀವೇ ಹೇಳಿ.
• ಅವರ ಎದುರಿಗೇ, ಅವರು ಅಲ್ಲಿ ಇಲ್ಲವೇನೋ ಎಂಬಂತೆ ಮಾತಾಡಬೇಡಿ.
• ನೋಡಿಕೊಳ್ಳುವವರಿಗೂ ದಣಿವಾಗುತ್ತದೆ. ಸರದಿ ಹಂಚಿಕೊಳ್ಳಿ. ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಒಟ್ಟಾರೆ: ‘ನೆನಪು ಹೋದರೆ ಮನುಷ್ಯನೇ ಹೋದಂತೆ’ ಎಂಬ ಮಾತಿಗೆ ತತ್ವಶಾಸ್ತ್ರದಲ್ಲಿ ಗಟ್ಟಿ ನೆಲೆಯಿಲ್ಲ, ವಿಜ್ಞಾನದಲ್ಲಿ ಪುರಾವೆಯಿಲ್ಲ. ಅಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಅಜ್ಜನಿಗೆ ನಮ್ಮ ಹೆಸರು ಮರೆತಿರಬಹುದು. ಅವರ ಹೆಸರು ನಮಗೆ ನೆನಪಿದೆಯಲ್ಲ, ಅದರಿಂದಲೇ ಕರೆದು ಮಾತಾಡಿಸೋಣ.