ಚಾಸಿಗೆ ಕೊರೆದ ರಂಧ್ರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ದಾರಿಗಳನ್ನು ಬಲ್ಲವರಿಗೆ ಅಲ್ಲಿಯ ವಾಹನಗಳ ಪಾಡನ್ನು ಬಿಡಿಸಿ ಹೇಳಬೇಕಾದುದಿಲ್ಲ. ತುಂಗೆ ಭದ್ರೆಯರ ಈ ಸೀಮೆಯಲ್ಲಿ ಡಾಂಬರು ಮುಗಿದ ಮೇಲೂ ಊರು ಮುಗಿಯುವುದಿಲ್ಲ. ಅಡಕೆಯ ತೋಟಕ್ಕೆ ಇಳಿಯುವ ಕಣಿವೆದಾರಿ, ಕಾಫಿಯ ಎಸ್ಟೇಟಿಗೆ ಏರುವ ಕಲ್ಲುದಾರಿ, ನಡುವೆ ಅಡ್ಡಬರುವ ಹಳ್ಳ, ಇವೆಲ್ಲವೂ ದಾರಿಯ ಲೆಕ್ಕಕ್ಕೇ ಸೇರಿದವು. ಶೃಂಗೇರಿ, ಕೊಪ್ಪಗಳ ಕಡೆ ವರ್ಷಕ್ಕೆ 100 ಅಂಗುಲಕ್ಕೂ ಮಿಕ್ಕಿ ಮಳೆ ಬೀಳುತ್ತದೆ. ಆ ಮಳೆಗೆ ಮಣ್ಣು ಕೊಚ್ಚಿಹೋದ ಮೇಲೆ ದಾರಿಯಲ್ಲಿ ಉಳಿಯುವುದು ಬರಿಯ ಕಲ್ಲು. ಇಂಥ ನಾಡಿನಲ್ಲಿ ಜೀಪು ಶೋಕಿಯ ವಸ್ತುವಲ್ಲ. ಗೊನೆ ಹೊರುವ, ಗೊಬ್ಬರ ಹೊರುವ, ನಡುರಾತ್ರಿಯಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಮನೆಯ ಆಳು.

ಜೀಪು ಹುಟ್ಟಿದುದು ಯುದ್ಧಕ್ಕಾಗಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆಂದು ತಯಾರಾದ ಈ ಗಾಡಿಯನ್ನು 1940ರ ದಶಕದ ಕೊನೆಯ ವೇಳೆಗೆ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಜೋಡಿಸತೊಡಗಿತು. ಅದರ ಸ್ಪ್ರಿಂಗು ಮಾತ್ರ ಕುದುರೆಗಾಡಿಯ ಕಾಲದಿಂದ ಬಂದ ಕ್ರಮದ್ದೇ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಒಂದು ತುದಿಯನ್ನು ಚಾಸಿಗೆ ಪಿನ್ನಿನಿಂದ ಭದ್ರಪಡಿಸಿ, ಇನ್ನೊಂದು ತುದಿಯನ್ನು ಶ್ಯಾಕಲ್ ಎಂಬ ತೂಗುಕೊಂಡಿಗೆ ಸಿಕ್ಕಿಸಿರುತ್ತಾರೆ. ಭಾರ ಬಿದ್ದೊಡನೆ ಬಿಲ್ಲು ಚಪ್ಪಟೆಯಾಗಿ ಉದ್ದವಾಗುತ್ತದೆ. ಹೆಚ್ಚಿದ ಆ ಉದ್ದಕ್ಕೆ ಎಡೆಮಾಡಿಕೊಡುವುದೇ ತೂಗುಕೊಂಡಿಯ ಕೆಲಸ.

ಹಳೆಯ ಜೀಪುಗಳಲ್ಲಿ ಮುಂಗಾಲಿಗಳ ತೂಗುಕೊಂಡಿ ಸ್ಪ್ರಿಂಗಿನ ಮುಂದಿನ ತುದಿಗೆ ಇರುತ್ತದೆ. ಆದುದರಿಂದ ಗಾಲಿ ಕಲ್ಲನ್ನು ಹತ್ತುವಾಗ ಅಚ್ಚು ಮೇಲಕ್ಕೆ ಸರಿಯುವುದರ ಜೊತೆಗೆ ಮುಂದಕ್ಕೂ, ಎಂದರೆ ಕಲ್ಲಿನ ಕಡೆಗೇ ಸರಿಯುತ್ತದೆ. ಕುಳಿತವರ ಬೆನ್ನುಮೂಳೆಗೆ ಆ ಪೆಟ್ಟಿನ ಅನುಭವವುಂಟು. ತೂಗುಕೊಂಡಿಯನ್ನು ಹಿಂದಿನ ತುದಿಗೆ ಸಾಗಿಸಿದರೆ ಅಚ್ಚು ಕಲ್ಲಿಗೆ ಮಣಿದು ಹಿಂದೆ ಸರಿಯುತ್ತದೆ, ಪೆಟ್ಟು ಮೆತ್ತಗಾಗುತ್ತದೆ. ಕೆಲವರು ಇದಕ್ಕೆಂದು, ಮತ್ತೆ ಕೆಲವರು ಇನ್ನೂ ಉದ್ದದ ಸ್ಪ್ರಿಂಗು ಹಾಕಿಸಲೆಂದು ಗ್ಯಾರೇಜಿಗೆ ಬರುತ್ತಾರೆ. ಎರಡರಲ್ಲಿ ಯಾವುದಾದರೂ ಕಾರ್ಖಾನೆಯವರು ಕೊರೆದ ಹಳೆಯ ರಂಧ್ರಗಳು ಉಪಯೋಗಕ್ಕೆ ಬರುವುದಿಲ್ಲ. ಚಾಸಿಗೆ ಹೊಸ ರಂಧ್ರ ಕೊರೆಯಬೇಕಾಗುತ್ತದೆ. ತೊಡಕು ಮೊದಲಾಗುವುದು ಇಲ್ಲಿಯೇ.

ಚಾಸಿಯೆಂದರೆ ಉದ್ದಕ್ಕೂ ಹಾಯ್ದ ಎರಡು ಉಕ್ಕಿನ ತೊಲೆಗಳು, ಅವನ್ನು ಬೆಸೆಯುವ ಅಡ್ಡಪಟ್ಟಿಗಳು. ತೊಲೆಯು ಪೆಟ್ಟಿಗೆಯ ಆಕಾರದ್ದಾದ ಕಡೆ ರಂಧ್ರವು ಎರಡು ಗೋಡೆಗಳನ್ನು ದಾಟಬೇಕು. ಹೊರಗೋಡೆಯಲ್ಲಿ ಬೈರಿಗೆಯನ್ನು ಒತ್ತಿದವನಿಗೆ ಒಳಗೋಡೆ ಕಾಣುವುದಿಲ್ಲ. ಬೈರಿಗೆ ಎರಡೇ ಡಿಗ್ರಿಯಷ್ಟು ಓರೆಯಾದರೂ, 75 ಮಿಲಿಮೀಟರು ಅಗಲದ ತೊಲೆಯನ್ನು ದಾಟುವಷ್ಟರಲ್ಲಿ ಅದರ ಮೊನೆ ಎರಡೂವರೆ ಮಿಲಿಮೀಟರಿಗೂ ಮಿಕ್ಕಿ ದಾರಿ ತಪ್ಪಿರುತ್ತದೆ. ಕಣ್ಣಿಗೆ ಇದು ಅಲ್ಪ, ಪಿನ್ನಿಗೆ ಅಲ್ಪವಲ್ಲ. ಓರೆಯಾದ ಪಿನ್ನಿನಲ್ಲಿ ತೂಗುಕೊಂಡಿ ನೇರವಾಗಿ ತೂಗದೆ ಪಕ್ಕಕ್ಕೆ ಎಳೆಯುತ್ತದೆ, ಬುಷ್ಷು ಒಂದೇ ಅಂಚಿನಲ್ಲಿ ಸವೆಯುತ್ತದೆ, ಸ್ಪ್ರಿಂಗಿನ ಪಟ್ಟಿಗಳು ತಿರುಚಿಕೊಳ್ಳುತ್ತವೆ. ಎಡದ ರಂಧ್ರಕ್ಕೂ ಬಲದ ರಂಧ್ರಕ್ಕೂ ಹಿಂದುಮುಂದಾದರಂತೂ ಅಚ್ಚೇ ಓರೆಯಾಗಿ ಕೂರುತ್ತದೆ. ಆಗ ಜೀಪು ಗದ್ದೆಯ ಏಡಿಯಂತೆ ಒಂದು ಪಕ್ಕಕ್ಕೆ ಸರಿಯುತ್ತ ನಡೆಯುತ್ತದೆ, ಟೈರು ತೇಯುತ್ತದೆ, ಸ್ಟೀರಿಂಗು ಚಾಲಕನ ಕೈಯಿಂದ ಜಾರಲು ಹವಣಿಸುತ್ತದೆ.

ಹೀಗಾಗದಂತೆ ತಡೆಯುವ ಉಪಾಯ ಬಹು ಹಳೆಯದು. ಮೊದಲನೆಯದಾಗಿ, ಅಳತೆಯನ್ನು ಚಾಸಿಯ ಅಂಚಿನಿಂದ ಹಿಡಿಯತಕ್ಕುದಲ್ಲ. ಹತ್ತಾರು ಮಳೆಗಾಲಗಳ ಕಲ್ಲಿಗೆ ಆ ಅಂಚು ಎಲ್ಲಿ ನೆಗ್ಗಿದೆಯೋ ಯಾರು ಬಲ್ಲರು? ಕಾರ್ಖಾನೆಯಲ್ಲಿಯೇ ಜೋಡಿಯಾಗಿ ಕೊರೆದ ಹಳೆಯ ರಂಧ್ರಗಳಿಂದ ತೂಗುಗುಂಡನ್ನು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ನಟ್ಟನಡುವೆ ಒಂದು ಗೆರೆ ಎಳೆಯಬೇಕು. ಎಡಬಲಗಳೆರಡಕ್ಕೂ ಆ ಒಂದೇ ಗೆರೆ ಪ್ರಮಾಣ. ಹೊಸ ರಂಧ್ರಗಳ ಸ್ಥಾನವನ್ನು ಗುರುತಿಸಿದ ಮೇಲೆ ಎಡದ ಹಳೆಯ ರಂಧ್ರದಿಂದ ಬಲದ ಹೊಸದಕ್ಕೆ, ಬಲದ ಹಳೆಯದರಿಂದ ಎಡದ ಹೊಸದಕ್ಕೆ ದಾರ ಹಿಡಿದು ನೋಡಬೇಕು. ಎರಡು ಕರ್ಣಗಳೂ ಸಮವಾದರೆ ಗುರುತು ಸರಿ.

ಎರಡನೆಯದಾಗಿ, ಒಂದು ಗೋಡೆಯಿಂದಲೇ ನುಗ್ಗಿ ಇನ್ನೊಂದನ್ನು ದಾಟುವ ಆತುರ ಸಲ್ಲದು. ಮೂಲೆಮಟ್ಟವನ್ನು ಹಿಡಿದು ಗುರುತನ್ನು ತೊಲೆಯ ಸುತ್ತ ಹಾಯಿಸಿ ಎರಡು ಗೋಡೆಗಳ ಮೇಲೂ ಮೂಡಿಸಬೇಕು. ಎರಡೂ ಕಡೆ ಪಂಚಿನಿಂದ ಕುಳಿ ಹೊಡೆದು, ಎರಡೂ ಕಡೆಯಿಂದ ಮೂರು ನಾಲ್ಕು ಮಿಲಿಮೀಟರಿನ ಸಣ್ಣ ರಂಧ್ರ ಕೊರೆಯಬೇಕು. ಆ ಬಳಿಕ ನೆಟ್ಟನೆಯ ತಂತಿಯೊಂದನ್ನು ಆರುಪಾರು ತೂರಿಸಿ ಮಟ್ಟ ಹಿಡಿದರೆ ಓರೆಕೋರೆ ತಾನಾಗಿ ಗೊತ್ತಾಗುತ್ತದೆ. ಸಣ್ಣ ರಂಧ್ರದ ತಪ್ಪನ್ನು ಉರುಟು ಅರದಿಂದ ತಿದ್ದಬಹುದು. ದೊಡ್ಡ ರಂಧ್ರದ ತಪ್ಪನ್ನು ತಿದ್ದಲಾಗದು; ಕೊರೆದು ಹೋದ ಉಕ್ಕು ಮರಳಿ ಬರುವುದಿಲ್ಲ.

ಮೂರನೆಯದಾಗಿ, ಈ ಕೆಲಸಕ್ಕೆ ಇಬ್ಬರು ಬೇಕು. ಬೈರಿಗೆಯ ಹಿಂದೆ ನಿಂತವನಿಗೆ ಅದು ಎಡಕ್ಕೋ ಬಲಕ್ಕೋ ವಾಲಿದರೆ ತಿಳಿಯುತ್ತದೆಯೇ ಹೊರತು ಮೇಲಕ್ಕೋ ಕೆಳಕ್ಕೋ ವಾಲಿದುದು ತಿಳಿಯುವುದಿಲ್ಲ. ಅದನ್ನು ಕಾಣುವವನು ಪಕ್ಕದಲ್ಲಿ ಕುಳಿತ ಸಹಾಯಕ. ನುರಿತ ಕಸುಬುದಾರನೂ ಕಲಿಯಲು ಬಂದ ಹುಡುಗನ ಮಾತನ್ನು ಆ ಹೊತ್ತಿನಲ್ಲಿ ಕೇಳಲೇಬೇಕಾಗುತ್ತದೆ.

ರಂಧ್ರವು ತೊಲೆಯ ನಿಂತ ಗೋಡೆಯ ನಡುಮಟ್ಟದಲ್ಲಿರಬೇಕು. ಭಾರ ಬಿದ್ದಾಗ ಹೆಚ್ಚಿನ ಎಳೆತ, ಒತ್ತಡಗಳು ಮೇಲಂಚು ಕೆಳಂಚುಗಳಲ್ಲಿ ಸೇರಿಕೊಳ್ಳುವುದರಿಂದ ಅಲ್ಲಿ ರಂಧ್ರ ಕೊರೆದರೆ ಬಿರುಕಿಗೆ ಬಾಗಿಲು ತೆರೆದಂತೆ. ಗ್ಯಾಸಿನ ಉರಿಯಿಂದ ಸುಟ್ಟು ರಂಧ್ರ ಮಾಡುವುದು ಇನ್ನೂ ಕೆಟ್ಟ ಪದ್ಧತಿ. ಕಾವಿಗೆ ಉಕ್ಕಿನ ಗುಣವೇ ಕೆಡುತ್ತದೆ, ಅಂಚು ಹಲ್ಲುಹಲ್ಲಾಗಿ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಪೆಟ್ಟಿಗೆಯಾಕಾರದ ತೊಲೆಯೊಳಗೆ ದಪ್ಪ ಗೋಡೆಯ ಕೊಳವೆಯೊಂದನ್ನು ತೂರಿಸಿ ಬೆಸೆಯದಿದ್ದರೆ ಬೋಲ್ಟನ್ನು ಬಿಗಿದಂತೆಲ್ಲ ತೊಲೆ ಒಳಕ್ಕೆ ನೆಗ್ಗುತ್ತದೆ. ಕೊನೆಗೆ ರಂಧ್ರದ ಅಂಚನ್ನು ಅರದಿಂದ ನುಣುಪು ಮಾಡಿ, ತುಕ್ಕು ತಡೆಯುವ ಬಣ್ಣ ಬಳಿಯಬೇಕು. ಮಲೆನಾಡಿನ ಮಳೆ ಬರಿಯ ಉಕ್ಕನ್ನು ಎಂದೂ ಕ್ಷಮಿಸಿದುದಿಲ್ಲ.

ಜೀಪಿನ ಮಾತು ಬಸ್ಸಿಗೂ ಸಲ್ಲುತ್ತದೆ. ಪಟ್ಟಿ ಸ್ಪ್ರಿಂಗಿನ ಬಸ್ಸಿನಲ್ಲಿಯೂ ಪ್ರಯಾಣಿಕರ ಭಾರವನ್ನೆಲ್ಲ ಹೊರುವುದು ಇಂಥವೇ ಕೆಲವು ಪಿನ್ನುಗಳು, ರಂಧ್ರಗಳು. ಟಿಕೇಟು ಪಡೆದು ಕುಳಿತವನು ಅವನ್ನು ಬಗ್ಗಿ ನೋಡಲಾರ. ನೋಡಿದ ಬೇರೊಬ್ಬನನ್ನು ನಂಬಿ ಕೂರುತ್ತಾನೆ. ಈ ನಂಬಿಕೆಗೆ ಕೊಪ್ಪದಲ್ಲಿ ಒಂದು ವಿಶೇಷ ಚರಿತ್ರೆಯಿದೆ. ಶಂಕರ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯು ನಿಂತುಹೋದಾಗ ಅದರ ನೌಕರರೇ ಕೂಡಿ 1991ರಲ್ಲಿ ‘ಸಹಕಾರ ಸಾರಿಗೆ’ಯನ್ನು ಆರಂಭಿಸಿದರು. ಕೆಲವೇ ಹಳೆಯ ಬಸ್ಸುಗಳಿಂದ ಮೊದಲಾದ ಅದು ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳವರೆಗೆ ಬೆಳೆಯಿತು. ಅಲ್ಲಿ ದುಡಿಯುವವರೇ ಒಡೆಯರು. ಬಸ್ಸಿನ ಆಯುಸ್ಸು ಒಂದು ವರ್ಷ ಕಡಿಮೆಯಾದರೆ ನಷ್ಟ ಅವರದೇ, ಹೆಚ್ಚಾದರೆ ಲಾಭವೂ ಅವರದೇ. ಖರ್ಚಿನ ಭಾರ ತಾಳಲಾರದೆ 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಆದರೂ ಮೂರು ದಶಕಗಳ ಸಮೀಪದವರೆಗೆ ಆ ಬೆಟ್ಟದ ದಾರಿಗಳಲ್ಲಿ ಅವು ಓಡಿದುವೆಂಬುದು, ತನ್ನದೆಂದು ಮಾಡಿದ ಕೆಲಸದ ಬೆಲೆಯನ್ನು ಹೇಳುತ್ತದೆ.

ಜೀಪನ್ನು ಮಾರ್ಪಡಿಸುವ ಉತ್ಸಾಹಕ್ಕೂ ಒಂದು ಎಲ್ಲೆಯುಂಟು. ಗಾಡಿಯನ್ನು ಎತ್ತರಿಸಿದಷ್ಟೂ ಅದರ ಭಾರದ ಕೇಂದ್ರ ಮೇಲೇರುತ್ತದೆ. ಹಳ್ಳದ ಕಲ್ಲಿನ ಮೇಲೆ ಗೆದ್ದ ಜೀಪು ಆಗುಂಬೆಯ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಸೋತು ಮಗುಚಬಹುದು. ತೂಗುಕೊಂಡಿಯನ್ನು ಹಿಂದಕ್ಕೆ ಸಾಗಿಸಿದ ಗಾಡಿ ಬ್ರೇಕು ಒತ್ತಿದಾಗ ಮೂತಿಯನ್ನು ಹೆಚ್ಚಾಗಿ ತಗ್ಗಿಸುವುದೂ ಉಂಟು. ಕಾನೂನಿನ ಕಟ್ಟೂ ಇದೆ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ತಯಾರಕರು ಗೊತ್ತುಪಡಿಸಿದ ಮೂಲ ವಿವರಗಳಿಗೆ ನೋಂದಣಿಪತ್ರ ಹೊಂದದಂತೆ ವಾಹನವನ್ನು ಮಾರ್ಪಡಿಸಕೂಡದು. ಚಾಸಿಗೆ ಬೈರಿಗೆ ಇಡುವ ಮುನ್ನ ಸಾರಿಗೆ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಒಡೆಯನಾದವನು ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರೇ. ಅಳತೆ ಎಲ್ಲಿಂದ ಹಿಡಿದಿರಿ? ಎರಡೂ ಕಡೆಯಿಂದ ಕೊರೆದಿರಾ? ತಂತಿ ತೂರಿಸಿ ನೋಡಿದಿರಾ? ಬಲ್ಲ ಕಸುಬುದಾರನು ಈ ಪ್ರಶ್ನೆಗಳಿಗೆ ಸಿಡಿಮಿಡಿಗೊಳ್ಳುವುದಿಲ್ಲ. ಬಣ್ಣ ಬಳಿಯುವ ಮುನ್ನವೇ ಕರೆದು, ಟಾರ್ಚು ಹಿಡಿದು, ತಾನಾಗಿ ತೋರಿಸುತ್ತಾನೆ.