ಗ್ರಂಥಪಾಲಕರೂ ಗುರುಗಳೇ

"ದೇಶ ಸುತ್ತು, ಕೋಶ ಓದು" ಎಂದರು ನಮ್ಮ ಹಿರಿಯರು. ದೇಶ ಸುತ್ತಿ ಐರ್ಲೆಂಡಿಗೆ ಬಂದವರು ನಾವು. ಆದರೆ ಕೋಶ ಓದುವ ರೀತಿಯೇ ಇಂದು ಬದಲಾಗಿದೆ. ಪ್ರಾಜೆಕ್ಟ್ ಕೊಟ್ಟ ಕೂಡಲೇ ಮಕ್ಕಳು ತೆರೆಯುವುದು ಗೂಗಲ್. ಈಗಂತೂ ಕೃತಕ ಬುದ್ಧಿಮತ್ತೆ ಉತ್ತರವನ್ನು ಬರೆದೇ ಕೊಡುತ್ತದೆ. ಮಾಹಿತಿಗೆ ಬರವಿಲ್ಲ. ಅದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಕಲಿಸುವವರು ಯಾರು?

ನಮ್ಮ ಕಿಲ್ಕೆನ್ನಿಯದೇ ಉದಾಹರಣೆ ನೋಡೋಣ. 1324ರಲ್ಲಿ ಇಲ್ಲಿ ಆಲಿಸ್ ಕೈಟೆಲರ್ ಎಂಬ ಸಿರಿವಂತ ಮಹಿಳೆಯ ಮೇಲೆ ಮಾಟದ ಆರೋಪ ಬಂತು. ಆಕೆಯನ್ನು ಸುಟ್ಟರೆಂದು ಎಲ್ಲೋ ಬರೆದಿದ್ದರೆ ಮಗು ಹಾಗೆಯೇ ನಕಲು ಮಾಡುತ್ತದೆ. ನಿಜವಾಗಿ ಆಲಿಸ್ ತಪ್ಪಿಸಿಕೊಂಡಳು. ಸುಟ್ಟದ್ದು ಆಕೆಯ ಸೇವಕಿ ಪೆಟ್ರೊನಿಲ್ಲಾಳನ್ನು. ಅಷ್ಟೇ ಅಲ್ಲ, ಈ ಪ್ರಕರಣದ ಬಗ್ಗೆ ಉಳಿದಿರುವ ಮುಖ್ಯ ಬರಹ ಆರೋಪ ಹೊರಿಸಿದ ಬಿಷಪ್ ಲೆಡ್ರೆಡ್ ಅವರ ಪಕ್ಷದ್ದು. ಹಾಗೆಯೇ ನಮ್ಮ 'ಮಾರ್ಬಲ್ ಸಿಟಿ'ಯ ಕಪ್ಪು ಕಲ್ಲು ಅಮೃತಶಿಲೆಯೇ ಅಲ್ಲ, ಸುಣ್ಣಕಲ್ಲು! ಬರೆದವರು ಯಾರು, ಏಕೆ ಬರೆದರು, ಬೇರೆಯವರು ಏನೆನ್ನುತ್ತಾರೆ ಎಂದು ಕೇಳುವುದೇ ಮಾಹಿತಿ ಸಾಕ್ಷರತೆ.

ಇದನ್ನು ಕಲಿಸಲು ತರಬೇತಿ ಪಡೆದವರು ಗ್ರಂಥಪಾಲಕರು. ಇತಿಹಾಸದ ಪಾಠಕ್ಕೆ ಶಿಕ್ಷಕರ ಜೊತೆ ಅವರೂ ತರಗತಿಯಲ್ಲಿ ನಿಂತರೆ ಪಾಠವೂ ಆಯಿತು, ಹುಡುಕುವ ವಿದ್ಯೆಯೂ ಬಂತು. ಐರ್ಲೆಂಡಿನ 2015ರ ಜೂನಿಯರ್ ಸೈಕಲ್ ಚೌಕಟ್ಟಿನಲ್ಲಿ ಮಾಹಿತಿ ನಿರ್ವಹಣೆ ಒಂದು ಪ್ರಮುಖ ಕೌಶಲ. ಆದರೆ ಹಿಂದುಳಿದ ಪ್ರದೇಶಗಳ ಕೆಲವು ಶಾಲೆಗಳನ್ನು ಬಿಟ್ಟರೆ ಹೆಚ್ಚಿನ ಕಡೆ ಪೂರ್ಣಾವಧಿ ಗ್ರಂಥಪಾಲಕರಿಲ್ಲ. ಊರಿನಲ್ಲಿ ನಾವು ಓದುವಾಗಲೂ ಅಷ್ಟೇ: ಪುಸ್ತಕಗಳು ಬೀರುವಿನಲ್ಲಿ, ಬೀಗದ ಕೈ ಮೇಷ್ಟ್ರ ಬಳಿ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗುವ ಮೊದಲು ಗಣಿತದ ಅಧ್ಯಾಪಕರಾಗಿದ್ದರು ಎಂಬುದನ್ನು ಮರೆಯಬಾರದು.

"ಮಕ್ಕಳಿಗೆ ಕಂಪ್ಯೂಟರ್ ನಮಗಿಂತ ಚೆನ್ನಾಗಿ ಗೊತ್ತು, ಇದಕ್ಕೇಕೆ ಖರ್ಚು?" ಎನ್ನುವವರಿದ್ದಾರೆ. ಬೆರಳಿನ ವೇಗ ಬೇರೆ, ವಿವೇಕ ಬೇರೆ. ಸುಳ್ಳನ್ನು ನಂಬಿ ಬೆಳೆದ ಮಗು ನಾಳೆ ಔಷಧಿಯ ವಿಷಯದಲ್ಲೂ, ಮತದಾನದಲ್ಲೂ ಮೋಸ ಹೋಗಬಹುದು. ಆ ಖರ್ಚು ಇನ್ನೂ ದೊಡ್ಡದು.

ಪೋಷಕರೇ, ಮುಂದಿನ ಸಭೆಯಲ್ಲಿ ಅಂಕಗಳ ಜೊತೆಗೆ ಗ್ರಂಥಾಲಯದ ಬಗ್ಗೆಯೂ ಕೇಳಿ. ಶಾಲೆಯಲ್ಲಿ ಗ್ರಂಥಪಾಲಕರು ಸಿಗುವವರೆಗೆ ನಗರದ ಗ್ರಂಥಾಲಯವಿದೆ. ಸದಸ್ಯತ್ವ ಉಚಿತ, 2019ರಿಂದ ತಡವಾದರೆ ದಂಡವೂ ಇಲ್ಲ. ಮಕ್ಕಳೇ, ಅಲ್ಲಿ ಪುಸ್ತಕ ಮಾತ್ರ ಕೇಳಬೇಡಿ, ಹುಡುಕುವುದು ಹೇಗೆಂದೂ ಕೇಳಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಪರದೆಯ ಮೇಲೆ ಕಂಡದ್ದಕ್ಕೂ ಸಲ್ಲುತ್ತದೆ.